ಉಸಿರು ಬಿಗಿಹಿಡಿದ ಅಜ್ಜಿ ಮತ್ತು ಎರಡು ಕ್ಯಾಮೆರಾಗಳು

ಒಂದೇ ಚೀಲದಲ್ಲಿದ್ದ ಫೋಟೋ ಕ್ಯಾಮೆರಾಕ್ಕೂ ವಿಡಿಯೋ ಕ್ಯಾಮೆರಾಕ್ಕೂ ಜಗಳ ಹತ್ತಿತು. ಬಾಳವ್ವಜ್ಜಿ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ಚಿತ್ರದಲ್ಲಿ ಹಿಡಿದು, ನೋಡಿ ಕಲಿಯಬೇಕೆಂದು ಮೊಮ್ಮಗಳು ಶಾಂಭವಿ ಎರಡನ್ನೂ ತಂದಿದ್ದಳು.

“ಹೊಲಿಯುವ ಕೈ ಒಂದು ಕಡೆ ನಿಲ್ಲುವುದಿಲ್ಲ. ಇಲ್ಲಿ ನಿನಗೇನು ಕೆಲಸ?” ಎಂದಿತು ವಿಡಿಯೋ ಕ್ಯಾಮೆರಾ.

ಶಾಂಭವಿಯೂ ವಿಡಿಯೋ ಕ್ಯಾಮೆರಾವನ್ನೇ ಎತ್ತಿಕೊಂಡಳು. ಅದನ್ನು ಕಂಡದ್ದೇ ತಡ, ಅಜ್ಜಿ ಸೂಜಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತಳು. ಎರಡು ನಿಮಿಷ ಕಳೆದರೂ ರೆಪ್ಪೆ ಸಹ ಅಲುಗಲಿಲ್ಲ.

“ಆಯಿ, ನೀ ಹೊಲಿ!” ಎಂದಳು ಶಾಂಭವಿ.

“ಮೊದಲ ಫೋಟೋ ತೆಗಿಯವ್ವಾ. ಅಲುಗಾಡಿದ್ರ ಕೆಡತೈತಿ,” ಎಂದಳು ಅಜ್ಜಿ, ತುಟಿ ಬಿಚ್ಚದೆ.

“ಇವಳಿಗೆ ಏನಾಯಿತು?” ವಿಡಿಯೋ ಕ್ಯಾಮೆರಾ ಬೆರಗಾಗಿ ಕೇಳಿತು.

“ಮದುವೆಯ ದಿನ ನಮ್ಮಜ್ಜನ, ಅಂದರೆ ಆ ಕಾಲದ ಫೋಟೋ ಕ್ಯಾಮೆರಾದ ಎದುರೂ ಹೀಗೇ ಕೂತಿದ್ದಳಂತೆ,” ಎಂದಿತು ಚೀಲದೊಳಗಿನ ಫೋಟೋ ಕ್ಯಾಮೆರಾ. “ಕ್ಲಿಕ್ ಎನ್ನುವ ಸದ್ದು ಕಿವಿಗೆ ಬೀಳುವ ತನಕ ಉಸಿರು ಬಿಡುವವಳಲ್ಲ.”

ಶಾಂಭವಿ ಸೋತು ಫೋಟೋ ಕ್ಯಾಮೆರಾ ತೆಗೆದಳು. ಕ್ಲಿಕ್!

“ಆತಿಲ್ಲೋ?” ಎಂದು ಅಜ್ಜಿ ಉಸ್ಸೆಂದು ಉಸಿರು ಬಿಟ್ಟು ಸೂಜಿಗೆ ಕೈ ಹಾಕಿದಳು. ಇನ್ನು ಯಾವ ಕ್ಯಾಮೆರಾದ ಕಡೆಗೂ ಅವಳು ನೋಡಲಿಲ್ಲ. ವಿಡಿಯೋ ಕ್ಯಾಮೆರಾ ಸದ್ದಿಲ್ಲದೆ ಕಣ್ಣು ತೆರೆಯಿತು.

ಮುಂದೆ ಎಲ್ಲಿಗೆ ಹೋದರೂ ವಿಡಿಯೋ ಕ್ಯಾಮೆರಾ, ಮಾಡಬೇಕಾದ ಕೆಲಸವೇನೆಂದು ಮೊದಲು ಕೇಳಲಿಲ್ಲ. ಎದುರಿಗೆ ಕೂರುವವರು ಯಾರೆಂದು ಕೇಳಿತು.