ಯಾರೂ ನೋಡಬಾರದ ಕುಡಿಕೆ

ಒಂದೂರಲ್ಲಿ ಒಂದು ಕೆರೆ ಇತ್ತಂತೆ. ಕೆರೆಗೊಬ್ಬ ರಾಜ, ರಾಜನಿಗೊಬ್ಬ ಮಂತ್ರಿ, ಮಂತ್ರಿಗೊಬ್ಬ ಭಾವಮೈದ. ಮಂತ್ರಿ ಅಂದಮೇಲೆ ಭಾವಮೈದ ಇರಲೇಬೇಕಲ್ಲ, ಅದೇನು ಹೊಸದಲ್ಲ ಬಿಡಿ. ಅವನ ಹೆಸರು ಮುದ್ದಯ್ಯ.

ಆ ಕೆರೆಯ ಏರಿ ವರ್ಷ ವರ್ಷ ಒಡೀತಿತ್ತಂತೆ. ವರ್ಷ ವರ್ಷ ಮುದ್ದಯ್ಯನೇ ಕಟ್ಟಿಸ್ತಿದ್ದನಂತೆ. ಅವನು ಕಟ್ಟಿಸೋದು, ಅದು ಒಡೆಯೋದು, ಮತ್ತೆ ಅವನೇ ಕಟ್ಟಿಸೋದು. ಏರಿಗೂ ಅವನಿಗೂ ಅಷ್ಟು ನಂಟು.

ಏರಿಯ ಕೆಳಗೇ ಒಂದು ಹಟ್ಟಿ. ಅಲ್ಲಿ ದ್ಯಾವಮ್ಮ ಅಂತ ಒಬ್ಬಳು, ಕಲ್ಲುಮಣ್ಣು ಹೊರುವ ತಂಡಕ್ಕೆ ಹಿರಿಯಳು. ಏರಿ ಒಡೆದಾಗೆಲ್ಲ ನೀರು ಮೊದಲು ನುಗ್ಗುತ್ತಿದ್ದದ್ದು ಇವಳ ಹಟ್ಟಿಗೇ. ಒಂದು ಸಲ ಗೋಡೆ ಹೋಯಿತು. ಇನ್ನೊಂದು ಸಲ ಹಾಲು ಕೊಡುವ ಎಮ್ಮೆ ಕರುವಿನ ಸಮೇತ ಹೋಯಿತು. ಆವತ್ತು ದ್ಯಾವಮ್ಮ ಖಾಲಿ ಗೂಟ ಹಿಡಿದುಕೊಂಡು ಅತ್ತಳಂತೆ. ಮುಂದಿನ ಸಲ ಮನುಷ್ಯರೇ ಹೋಗ್ತಾರೆ, ಈ ಏರಿ ನಾನೇ ಕಟ್ಟಬೇಕು ಅಂತ ನಿಶ್ಚಯ ಮಾಡಿದಳಂತೆ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಅರಮನೆ ಕೆಲಸ ಬೇಕಾದವರು ಒಂದು ಕುಡಿಕೆಯೊಳಗೆ ಅವರೆಕಾಳು ಹಾಕಿ, ಬಾಯಿಗೆ ಅರಗು ಮೆತ್ತಿ, ಮಂತ್ರಿಗೆ ಒಪ್ಪಿಸಬೇಕು. ಒಂದು ಕಾಳಿಗೆ ಒಂದು ಗಾಡಿ ರಾಗಿ ಕೂಲಿ. ಯಾರ ಕುಡಿಕೆಯಲ್ಲಿ ಕಾಳು ಕಡಿಮೆಯೋ ಅವರಿಗೆ ಕೆಲಸ. ಮಂತ್ರಿ ಕುಡಿಕೆಗಳನ್ನೆಲ್ಲ ಒಳಕೋಣೆಗೆ ಸೇರಿಸಿ, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಯೋಚನೆ ಮಾಡಿ, ಎಲೆಅಡಿಕೆ ಜಗಿಯುತ್ತ ಹೊರಗೆ ಬಂದು ಹೇಳ್ತಿದ್ದನಂತೆ:

"ಮುದ್ದಯ್ಯನದೇ ಕಡಿಮೆ."

ದ್ಯಾವಮ್ಮ ಮೊದಲ ವರ್ಷ ಒಂಬತ್ತು ಕಾಳು ಹಾಕಿದಳು. ಮುದ್ದಯ್ಯನದೇ ಕಡಿಮೆ. ಮರುವರ್ಷ ಐದು ಹಾಕಿದಳು. ಮುದ್ದಯ್ಯನದೇ ಕಡಿಮೆ. ಅದರ ಮರುವರ್ಷ ರೋಸಿಹೋಗಿ, ಕೂಲಿಯೇ ಬೇಡ, ಏರಿ ನಿಂತರೆ ಸಾಕು ಅಂತ ಬರೀ ಕುಡಿಕೆಗೆ ಅರಗು ಮೆತ್ತಿ ಕೊಟ್ಟಳು. ಆಗಲೂ ಮುದ್ದಯ್ಯನದೇ ಕಡಿಮೆ!

ಏನೂ ಇಲ್ಲದ್ದಕ್ಕಿಂತ ಕಡಿಮೆ ಅಂದ್ರೆ ಎಷ್ಟಪ್ಪಾ ಅಂತ ದ್ಯಾವಮ್ಮನಿಗೆ ನಿದ್ದೆ ಬರಲಿಲ್ಲವಂತೆ. ಮಂತ್ರಿಯ ಹತ್ತಿರ ಹೋಗಿ ಕೇಳಿದಳು:

"ಬುದ್ಧೀ, ಕುಡಿಕೆ ಬಿಚ್ಚುವಾಗ ನಾನೂ ವಸಿ ನೋಡ್ಬೋದಾ?"

"ಛೆ ಛೆ! ಇನ್ನೊಬ್ಬರ ಕುಡಿಕೆ ಇಣುಕೋದೂ ಒಂದೇ, ಇನ್ನೊಬ್ಬರ ಅಡುಗೆಮನೆ ಇಣುಕೋದೂ ಒಂದೇ. ಮರ್ಯಾದಸ್ಥರು ಮಾಡೋ ಕೆಲಸವೇನಮ್ಮಾ ಅದು?"

"ಏರಿ ಒಡೆದ್ರೆ ನೀರು ನುಗ್ಗೋದು ಯಾರ ಅಡುಗೆಮನೆಗೆ ಬುದ್ಧಿ?"

ಮಂತ್ರಿಗೆ ತಟ್ಟನೆ ಏನೋ ರಾಜಕಾರ್ಯ ನೆನಪಾಗಿ ಒಳಗೆ ಹೋದನಂತೆ.

ಆ ವರ್ಷ ಕೆರೆ ತುಂಬಿತು. ರಾಜ ಬಂದು ಗಂಗಮ್ಮನಿಗೆ ಬಾಗಿನ ಬಿಟ್ಟ. ಬಾಗಿನದ ಜೊತೆಗೆ ಬೆರಳಿನ ಮುದ್ರೆಯುಂಗುರವೂ ಜಾರಿ ನೀರಿಗೆ ಬಿತ್ತು. "ಉಂಗುರ ತಂದುಕೊಟ್ಟವರು ಕೇಳಿದ್ದು ಕೊಡ್ತೀನಿ" ಅಂತ ಡಂಗೂರ ಹೊಡೆಸಿದ. ಕೆರೆಗೆ ಇಳಿದು ಹುಡುಕೋರು ಯಾರು? ಆದರೆ ಮುದ್ದಯ್ಯನ ಏರಿ ಕೈಬಿಡಲಿಲ್ಲ, ವಾಡಿಕೆಯಂತೆ ಒಡೀತು. ಕೆರೆ ಬರಿದಾಯಿತು. ಹಟ್ಟಿ ಮತ್ತೆ ಕೆಸರಾಯಿತು. ಮುಳುಗಿದ ಪಾತ್ರೆಪಡಗ ಹುಡುಕುತ್ತಿದ್ದ ದ್ಯಾವಮ್ಮನ ಕೈಗೆ ಉಂಗುರ ಸಿಕ್ಕಿತು.

ಹಟ್ಟಿಯವರೆಲ್ಲ "ಓಡು, ಹೋಗಿ ಚಿನ್ನ ಕೇಳು" ಅಂದರಂತೆ. ದ್ಯಾವಮ್ಮ ಓಡಲಿಲ್ಲ. ಏರಿ ಕೆಲಸಕ್ಕೆ ಕುಡಿಕೆ ಕರೆಯುವವರೆಗೂ ಸುಮ್ಮನಿದ್ದಳು. ಕರೆದಾಗ ಆರು ಕಾಳು ಹಾಕಿದಳು, ಹೊಟ್ಟೆಗೂ ಬೇಕಲ್ಲ. ಕಾಳಿನ ಮೇಲೆ ಉಂಗುರ ಇಟ್ಟಳು, ಅರಗು ಮೆತ್ತಿ ಒಪ್ಪಿಸಿ ಬಂದಳು.

ಮಂತ್ರಿ ಬಾಗಿಲು ಹಾಕಿಕೊಂಡ, ಯೋಚನೆ ಮಾಡಿದ, ಎಲೆಅಡಿಕೆ ಜಗಿಯುತ್ತ ತುಂಬಿದ ಸಭೆಗೆ ಬಂದ.

"ಎಲ್ಲರ ಕುಡಿಕೆಯನ್ನೂ ನಾನೇ ಬಿಚ್ಚಿ, ಕಾಳುಕಾಳೂ ಎಣಿಸಿದೆ ಮಹಾಪ್ರಭು. ಮುದ್ದಯ್ಯನದೇ ಕಡಿಮೆ."

ದ್ಯಾವಮ್ಮ ಎದ್ದು ಕೈಮುಗಿದಳು. "ಕೆಲಸ ಯಾರಿಗಾದ್ರೂ ಕೊಡಿ ಬುದ್ಧಿ. ಉಂಗುರ ತಲುಪಿತಾ ಅಂತ ಹೇಳಿದ್ರೆ ಸಾಕು."

"ಯಾವ ಉಂಗುರ?" ಅಂದ ರಾಜ, ಸಿಂಹಾಸನದಿಂದ ಅರ್ಧ ಎದ್ದು.

"ನಿಮ್ಮದೇ ಬುದ್ಧಿ. ನನ್ ಕುಡಿಕೇಲಿ ಇಟ್ಟು ಕಳಿಸಿದ್ದೆ. ಮಂತ್ರಿಗಳು ಬಿಚ್ಚಿ ಎಣಿಸಿದ್ರಂತಲ್ಲ."

ಮಂತ್ರಿಯ ಬಾಯಲ್ಲಿ ಎಲೆಅಡಿಕೆ ನಿಂತುಹೋಯಿತಂತೆ. ಬಿಚ್ಚಿದೆ ಅಂದರೆ ಉಂಗುರ ಎಲ್ಲಿ ಅಂತ ತಲೆ ಹೋಗುತ್ತೆ. ಬಿಚ್ಚಿಲ್ಲ ಅಂದರೆ ಮಾನ ಹೋಗುತ್ತೆ. ಎರಡನ್ನೂ ತೂಗಿ ನೋಡಿದ. ಮಾನ ಹಗುರವಾಗಿತ್ತು.

"ಬಿಚ್ಚಿಲ್ಲ ಮಹಾಪ್ರಭು" ಅಂದ.

"ಹೋದ ವರ್ಷ?"

"ಹೋದ ವರ್ಷವೂ ಇಲ್ಲ."

"ಅದರ ಹಿಂದೆ?"

"ಬಿಚ್ಚುವ ವಾಡಿಕೆಯೇ ಇಲ್ಲ ಮಹಾಪ್ರಭು."

ಒಳಕೋಣೆಯಿಂದ ಅಷ್ಟೂ ವರ್ಷದ ಕುಡಿಕೆಗಳನ್ನು ತಂದು ಜನರ ಮುಂದೆ ಒಡೆದರಂತೆ. ಹಳೆಯವುಗಳಲ್ಲಿ ಅವರೆಕಾಳು ಹುಳ ಹಿಡಿದು ಹಿಟ್ಟಾಗಿತ್ತು. ದ್ಯಾವಮ್ಮನ ಬರೀ ಕುಡಿಕೆ ಬರಿದಾಗಿಯೇ ಇತ್ತು. ಹೊಸದರಲ್ಲಿ ಉಂಗುರವಿತ್ತು, ಆರು ಕಾಳಿತ್ತು. ಮುದ್ದಯ್ಯನ ಕುಡಿಕೆ ಮಾತ್ರ ಅಲ್ಲಾಡಿಸಿದರೂ ಸದ್ದಿಲ್ಲ, ಕುತ್ತಿಗೆವರೆಗೂ ಕಾಳು ತುಂಬಿಸಿದ್ದ. ಎಣಿಸಿ ಹಾಕುವ ತೊಂದರೆಯನ್ನೂ ಅವನು ತಗೊಂಡಿರಲಿಲ್ಲ.

ರಾಜ ಮೊದಲು ಉಂಗುರ ಹಾಕಿಕೊಂಡ. ಆಮೇಲೆ "ಏನು ಬೇಕು ಕೇಳಮ್ಮ" ಅಂದ.

"ಇನ್ಮೇಲೆ ಕುಡಿಕೆಗಳನ್ನ ಏರಿ ಮೇಲೆ, ಹಾಡುಹಗಲಲ್ಲಿ, ಎಲ್ಲಾರ ಎದುರಿಗೆ ಬಿಚ್ಬೇಕು ಬುದ್ಧಿ. ಬೇಕಾದೋರು ಬಂದು ನೋಡ್ಬೇಕು, ಕೈಹಾಕಿ ಎಣಿಸ್ಬೇಕು."

"ಆಗಲಿ! ಒಳ್ಳೇ ಮಾತು" ಅಂದ ರಾಜ. "ಮತ್ತೆ ಯಾವತ್ತಾದರೂ ನನ್ನ ಉಂಗುರ ಕಳೆದರೆ?"

ನ್ಯಾಯ ಅಂತೂ ಹಾಗೆ ಹುಟ್ಟಿತು ನೋಡಿ. ಆರು ಗಾಡಿ ರಾಗಿಗೆ ದ್ಯಾವಮ್ಮ ಏರಿ ಕಟ್ಟಿದಳು. ಮುದ್ದಯ್ಯ ಅವಳ ತಂಡದಲ್ಲೇ ಮಣ್ಣು ಹೊತ್ತ. ಮುಂದಿನ ಮಳೆಗೆ ಕೆರೆ ತುಂಬಿ ಕೋಡಿ ಹರಿಯಿತು, ಏರಿ ಅಲ್ಲಾಡಲಿಲ್ಲ. ಆ ರಾತ್ರಿ ಹಟ್ಟಿಯ ಮಕ್ಕಳು ಮಳೆಯ ಸದ್ದು ಕೇಳುತ್ತಾ ನಿದ್ದೆ ಹೋದವು, ದ್ಯಾವಮ್ಮನೂ ನಿದ್ದೆ ಹೋದಳು.

ಮಂತ್ರಿ? ಅವನ ಪದವಿಗೇನೂ ಆಗಲಿಲ್ಲ, ಮಂತ್ರಿಗಳಿಗೆ ಏನಾಗುತ್ತೆ? ಆದರೆ ವರ್ಷ ವರ್ಷ ಏರಿಯ ಮೇಲೆ ಬಿಸಿಲಲ್ಲಿ ಕೂತು, ಒಂದೊಂದೇ ಕಾಳು ಎತ್ತಿ ತೋರಿಸಿ, ಗಟ್ಟಿಯಾಗಿ ಎಣಿಸಬೇಕಾಯಿತಂತೆ. ಊರೆಲ್ಲ ಬಾಗಿ ನೋಡ್ತಿತ್ತಂತೆ. ರಾಜನೂ ತಪ್ಪದೆ ಬರ್ತಿದ್ದನಂತೆ, ಕುಡಿಕೆಯೊಳಗೆ ಒಡವೆ ಏನಾದರೂ ಇದೆಯೋ ಅಂತ.

ಅವರ ಕುಡಿಕೆ ಅಲ್ಲಿ ಬಿಚ್ಚಿತು, ನನ್ನ ಕತೆ ಇಲ್ಲಿ ಮುಚ್ಚಿತು.