ಕೊನೆಯ ಗಾಳಿಬುರುಡೆ

ಮಕ್ಕಳೇ, ನೆಟ್ಟಗೆ ಕೂತು ಕೇಳಿ. ಚಂದ್ರನಾಚೆ, ಮಂಗಳನನ್ನೂ ದಾಟಿ, ಆಕಾಶದಲ್ಲಿ ತೇಲುವ ಒಂದು ಕಬ್ಬಿಣದ ಊರಿತ್ತು. ಹೆಸರು ತೇಲೂರು. ಅಲ್ಲಿಗೊಬ್ಬ ದೊರೆ. ಅಲ್ಲಿ ಮಳೆಯಿಲ್ಲ, ಹೊಳೆಯಿಲ್ಲ. ಬಾಲಚುಕ್ಕಿ ಹತ್ತಿರ ಬಂದಾಗ ಅದರ ಮಂಜುಗಡ್ಡೆ ಒಡೆದು ತಂದರೆ ನೀರು. ತಪ್ಪಿದರೆ ಊರಿಗೆ ಊರೇ ಬಾಯಾರಿ ಸಾಯಬೇಕು.

ಆ ಊರಿನಲ್ಲಿ ಸಂಪಿ ಅಂತ ಒಬ್ಬ ಹುಡುಗಿ. ಬಲು ಚುರುಕು. ಯಂತ್ರವನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಅದರ ರೋಗ ಹೇಳುತ್ತಿದ್ದಳು. ಮಂಜು ತರುವ ದಂಡಿಗೆ ಸೇರಬೇಕೆಂದು ಅವಳು ದಂಡಿನವರಿಗೆ ಪಾಠ ಕಲಿಸುವ ನಿಂಗಜ್ಜಿಯ ಗರಡಿಗೆ ಬಂದಳು.

ಮೊದಲ ಪಾಠ, ಹಾರುವುದು. ಸಂಪಿ ಬಾಣದ ಹಾಗೆ ಹಾರಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದಳು.

"ನಿನ್ನ ಜೊತೆಯವರೆಲ್ಲಿ?" ಅಂದಳು ನಿಂಗಜ್ಜಿ.

"ಹಿಂದೆ ಉಳಿದರು ಅಜ್ಜಿ."

"ಹಾಗಾದರೆ ನೀನು ಮುಟ್ಟಿಲ್ಲ. ವಾಪಸ್ ಹೋಗು."

ಎರಡನೆಯ ಪಾಠ, ಮಂಜು ಒಡೆಯುವುದು. ಸಂಪಿ ಎಲ್ಲರ ಕೈಯಿಂದ ಸುತ್ತಿಗೆ ಕಿತ್ತುಕೊಂಡು ತಾನೇ ಒಡೆದಳು.

"ನಿನ್ನ ಜೊತೆಯವರೇನು ಕಲಿತರು?"

"ಅವರಿಗೆ ಬರೋದಿಲ್ಲ ಅಜ್ಜಿ."

"ಹಾಗಾದರೆ ನೀನು ಒಡೆದಿಲ್ಲ. ಮತ್ತೆ ಮಾಡು."

ಮೂರನೆಯ ಪಾಠ ಗಾಳಿಮನೆಯಲ್ಲಿ. ಊರ ಹೊರಗೆ ಉಸಿರಾಡಲು ಗಾಳಿಯಿಲ್ಲ. ಹೊರಗೆ ಹೋಗುವವರು ಬೆನ್ನಿಗೆ ಗಾಳಿಬುರುಡೆ ಕಟ್ಟಿಕೊಳ್ಳಬೇಕು. ಸಂಪಿ ಓಡಿಹೋಗಿ ಮೊದಲ ಬುರುಡೆಗೇ ಕೈ ಹಾಕಿದಳು. ಅಜ್ಜಿ ಫಟ್ ಅಂತ ಕೈಗೆ ಹೊಡೆದಳು.

"ಎಲ್ಲರಿಗಿಂತ ಚಿಕ್ಕವರು ಮೊದಲು. ಮುಂದಾಳು ಕೊನೆಗೆ. ಆರಿಸುವ ಹಾಗಿಲ್ಲ, ಉಳಿದದ್ದೇ ಮುಂದಾಳಿಗೆ. ಇದು ತೇಲೂರಿನ ಪದ್ಧತಿ. ಆಗದಿದ್ದರೆ ಮನೆಗೆ ಹೋಗು."

ಸಂಪಿಗೆ ಅಳು ಬಂತು. ನುಂಗಿಕೊಂಡಳು. ಮನೆಗೆ ಹೋಗಲಿಲ್ಲ. ಅಂದಿನಿಂದ ನಿಧಾನದವನ ಜೊತೆ ನಿಧಾನಕ್ಕೆ ಹಾರಿದಳು. ಬಾರದವನಿಗೆ ಸುತ್ತಿಗೆ ಹಿಡಿಯುವುದನ್ನು ಹೇಳಿಕೊಟ್ಟಳು. ಬುರುಡೆಯ ಸಾಲಿನಲ್ಲಿ ಕೊನೆಗೆ ನಿಂತಳು. ದೊರೆ ಅವಳನ್ನೇ ಮುಂದಾಳು ಮಾಡಿದ.

ಇದನ್ನು ಮಂತ್ರಿ ದುರ್ಗೋಜಿಗೆ ಸಹಿಸಲಾಗಲಿಲ್ಲ. ಮಂಜು ತಂದ ಮುಂದಾಳಿನ ಮನೆಗೇ ನೀರಿನ ಬಾಗಿಲ ಬೀಗದ ಕೈ ಸೇರುತ್ತಿತ್ತು. ಸಂಪಿ ಬಿಟ್ಟರೆ ಮುಂದಾಳಾಗುವವನು ಅದೇ ದಂಡಿನಲ್ಲಿದ್ದ ಮಂತ್ರಿಯ ಅಳಿಯ ಪಿಲ್ಲಣ್ಣ. ಬೀಗದ ಕೈ ಬಂದರೆ ಊರೆಲ್ಲ ತನ್ನ ಕಾಲಡಿಗೆ ಅಂತ ಮಂತ್ರಿ ಲೆಕ್ಕ ಹಾಕಿದ. ಗಾಳಿಮನೆಗೆ ಕದ್ದು ಹೋಗಿ, ಸಾಲಿನ ಕೊನೆಯ ಬುರುಡೆಯ ಗಾಳಿಯನ್ನೆಲ್ಲ ಬಿಟ್ಟುಬಂದ.

ಬಾಲಚುಕ್ಕಿ ಬಂತು. ದಂಡು ಹೊರಟಿತು. ಕಳಿಸಿಕೊಡಲು ದೊರೆಯೂ ಭಟರೊಡನೆ ಗಾಳಿಮನೆಗೆ ಬಂದ. ಚಿಕ್ಕವರು ಮೊದಲು ಬುರುಡೆ ಕಟ್ಟಿಕೊಂಡರು. ಕೊನೆಯದು ಉಳಿಯಿತು. ಸಂಪಿ ಬೆರಳಲ್ಲಿ ತಟ್ಟಿದಳು. ಟೊಳ್ಳು ಸದ್ದು! ತಲೆ ಎತ್ತಿದರೆ, ಎಂದೂ ಗಾಳಿಮನೆಗೆ ಕಾಲಿಡದ ಮಂತ್ರಿ ಬಾಗಿಲಲ್ಲೇ ನಿಂತಿದ್ದಾನೆ.

"ಯಾಕಮ್ಮಾ ಮುಂದಾಳೇ, ಕಾಲು ನಡುಗಿತೇ? ಹೆದರಿಕೆಯಾದರೆ ಹೇಳು, ನಮ್ಮ ಪಿಲ್ಲಣ್ಣ ಇದಾನೆ," ಅಂದ ಮಂತ್ರಿ.

ಸಂಪಿ ಯೋಚಿಸಿದಳು. ಬುರುಡೆ ಬರಿದು ಅಂದರೆ ಹೆದರಿ ಸುಳ್ಳು ಹೇಳ್ತಾಳೆ ಅಂತಾನೆ. ಬೇರೆ ಕೇಳಿದರೆ ಪದ್ಧತಿ ಮುರಿದಳು ಅಂತಾನೆ. ಅವಳು ಕೈ ಮುಗಿದಳು.

"ಮಂತ್ರಿಗಳೇ, ಈ ದಂಡಿಗೆಲ್ಲ ದೊಡ್ಡವರು ಯಾರು?"

ಮಂತ್ರಿ ಎದೆ ಉಬ್ಬಿಸಿದ. "ಇನ್ಯಾರು? ದೊರೆಗಳನ್ನ ಬಿಟ್ಟರೆ ನಾನೇ!"

"ಹಾಗಾದ್ರೆ ಹೊರಗಿನ ಕಟ್ಟೆಯ ತನಕ ತಾವೇ ಮುಂದಾಳಾಗಿ ನಡೀರಿ. ನಮ್ಮನ್ನ ಹರಸಿ, ಒಳಗೆ ಬಂದು ಬುರುಡೆ ನನಗೆ ಕೊಡಿ. ಮುಂದಾಳಿಗೆ ಕೊನೆಯದು. ಪದ್ಧತಿ!"

"ಸರಿಯಾದ ಮಾತು," ಅಂದ ದೊರೆ. "ಕಟ್ಟಿಕೊಳ್ಳಿ ಮಂತ್ರಿಗಳೇ."

"ನನಗೆ ಸೊಂಟ ನೋವು, ಪ್ರಭು."

"ಹೊರಗೆ ಭಾರವೇ ಇಲ್ಲವಲ್ಲ. ಕಟ್ಟಿಕೊಳ್ಳಿ."

"ಸ್ವಲ್ಪ ಜ್ವರ ಬಂದ ಹಾಗಿದೆ, ಪ್ರಭು."

"ಹೊರಗೆ ತಂಪಾಗಿದೆ. ಕಟ್ಟಿಕೊಳ್ಳಿ!"

ಭಟರು ಬುರುಡೆ ಎತ್ತಿ ಬೆನ್ನಿಗೆ ತಂದರು. ಮಂತ್ರಿ ದೊರೆಯ ಕಾಲಿಗೆ ಬಿದ್ದ. "ಬೇಡಿ ಪ್ರಭು, ಸಾಯ್ತೀನಿ! ಅದು ಬರಿದು!"

"ನೀವು ಮುಟ್ಟೇ ಇಲ್ಲ," ಅಂದ ದೊರೆ. "ಬರಿದು ಅಂತ ನಿಮಗೆ ಹೇಗೆ ಗೊತ್ತು?"

ಭಟರು ಮಂತ್ರಿಯ ಕೈ ಕಟ್ಟಿದರು. ಪಿಲ್ಲಣ್ಣ ನಾಚಿ ಮೂಲೆಗೆ ಸರಿದು ತನ್ನ ಬುರುಡೆ ಬಿಚ್ಚತೊಡಗಿದ.

"ಯಾಕೋ ಬಿಚ್ತೀಯಾ?" ಗದರಿದಳು ಸಂಪಿ. "ತಪ್ಪು ನಿಮ್ಮ ಮಾವಂದು. ಸುತ್ತಿಗೆ ನಿನ್ನದು. ವಿಚಾರಣೆ ದೊರೆಗಳು ಮಾಡ್ತಾರೆ, ಬಾಲಚುಕ್ಕಿ ನಮಗೋಸ್ಕರ ಕಾಯಲ್ಲ. ನಡಿ!"

ಬರಿದಾದ ಬುರುಡೆಗೆ ಗಾಳಿ ತುಂಬಿಸಿ ಕಟ್ಟಿಕೊಂಡು ಅವಳು ಹೊರಟಳು. ಗುಡ್ಡದಷ್ಟು ಮಂಜನ್ನು ಹಗ್ಗ ಹಾಕಿ ಎಲ್ಲರೂ ಸೇರಿ ಎಳೆದು ತಂದರು. ಹೋದವರೆಲ್ಲ ಹಿಂತಿರುಗಿದರು. ತೇಲೂರು ಹೊಟ್ಟೆ ತುಂಬ ನೀರು ಕುಡಿಯಿತು.

ತಿಳಿಯಿತೇ ಮಕ್ಕಳೇ? ಚುರುಕು ಬುದ್ಧಿ ಹುಟ್ಟಿನಿಂದ ಬರಬಹುದು, ಮುಂದಾಳುತನ ಕಲಿತೇ ಬರಬೇಕು. ಮತ್ತೊಬ್ಬರ ಉಸಿರು ಕದಿಯುವವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.