ಚೀಲಕ್ಕೆ ಕಟ್ಟಿದ ಚೀಟಿ

"ನಲವತ್ತು ಪುಟದ ಪ್ರಬಂಧ, ಗುರುಗಳೇ. ಅಡಿಟಿಪ್ಪಣಿ ಅರವತ್ತು. ಅಂದರೆ ಅರವತ್ತು ಕಡೆ ಬೇರೆಯವರ ಹೆಸರು. ಇಷ್ಟು ಜನಕ್ಕೆ ಹಂಚಿದ ಮೇಲೆ ನನ್ನದು ಅಂತ ಉಳಿಯುವುದೇನು?"

ಶಿಷ್ಯ ಪ್ರಬಂಧವನ್ನು ಮರುದಿನ ಒಪ್ಪಿಸಬೇಕಿತ್ತು. ಪರೀಕ್ಷಕರು ಮೆಚ್ಚಿದರೆ ಮುಂದಿನ ಸಂಶೋಧನೆಗೆ ಜಾಗ ಸಿಗುತ್ತದೆ. ಇದು ಬರೀ ಸಂಗ್ರಹ, ಸ್ವಂತದ್ದೇನೂ ಇಲ್ಲ ಎಂದುಬಿಟ್ಟರೆ ಇಲ್ಲ. ಅರ್ಧದಷ್ಟು ಹೆಸರುಗಳನ್ನು ಹೊಡೆದುಹಾಕಿದರೆ ಬರಹ ತನ್ನದೆಂದು ಕಾಣುತ್ತದೆ ಎಂಬುದು ಅವನ ಲೆಕ್ಕ. ಯಾವ ಅರ್ಧ ಎಂದು ಕೇಳಲು ಬಂದಿದ್ದ.

ಗುರುಗಳು ಪುಟ ತಿರುವಿದರು. "ಇಲ್ಲಿ ಪುಸ್ತಕದ ಹೆಸರು ಮೊದಲು, ಅಲ್ಲಿ ಬರೆದವರ ಹೆಸರು ಮೊದಲು. ಇದರಲ್ಲಿ ವರ್ಷವೇ ಇಲ್ಲ. ಏನಪ್ಪಾ ಇದು?"

"ಅದು ಬರೀ ಜೋಡಣೆ, ಗುರುಗಳೇ. ವಿಷಯ ಸರಿಯಿದೆಯಲ್ಲ."

"ಹಾಗೋ? ಒಂದು ವ್ಯಾಪಾರದ ಸಂಗತಿ ಹೇಳುತ್ತೇನೆ, ಕೇಳು. ಹೆಸರು ಹೊಡೆದುಹಾಕುವುದಿದ್ದರೆ ಆಮೇಲೆ ಹಾಕುವೆಯಂತೆ."

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಶೆಟ್ಟಿಯ ಗ್ರಂಥಿಗೆ ಅಂಗಡಿ ಇತ್ತು. ಬೇರು, ತೊಗಟೆ, ಒಣಗಿದ ಕಾಯಿ, ಔಷಧಕ್ಕೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಅದರಲ್ಲಿ ಒಂದನ್ನೂ ಅವನು ಬೆಳೆದವನಲ್ಲ. ಎಲ್ಲವೂ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಕೈಗಳಿಂದ ಬಂದದ್ದು. ಯಾವುದು ಎಲ್ಲಿಂದ ಬಂತು ಎಂದು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಮೂಟೆ ಬಂದ ಕೂಡಲೇ ಅದರ ಗುರುತು ಕಿತ್ತುಹಾಕಿ, ಸರಕನ್ನು ತನ್ನ ಚೀಲಕ್ಕೆ ಸುರಿಯುತ್ತಿದ್ದ. ಗಿರಾಕಿಗೆ ದಾರಿ ತೋರಿಸಿದರೆ ನಾಳೆ ಅವನು ನೇರ ಅಲ್ಲಿಗೇ ಹೋಗುತ್ತಾನೆ ಎಂಬ ಭಯ. ಭಯ ಸುಳ್ಳೇನೂ ಅಲ್ಲ. ಹಾಗೆ ಗಿರಾಕಿ ಕಳೆದುಕೊಂಡವರು ಅದೇ ಪೇಟೆಯಲ್ಲಿದ್ದರು.

ಊರಿನಲ್ಲಿ ಒಂದು ಧರ್ಮಾಸ್ಪತ್ರೆ ತೆರೆಯಿತು. ಇಪ್ಪತ್ತು ಬಗೆಯ ಸಾಮಾನು ವರ್ಷವಿಡೀ ಬೇಕು, ಎಲ್ಲವನ್ನೂ ಒಬ್ಬರ ಹತ್ತಿರವೇ ಕೊಳ್ಳುತ್ತೇವೆ ಎಂದು ಅಲ್ಲಿನ ಪಂಡಿತರು ಹೇಳಿ ಕಳಿಸಿದರು. ಆ ಹೊತ್ತಿಗೆ ಪೇಟೆಯಲ್ಲಿ ಇನ್ನೆರಡು ಗ್ರಂಥಿಗೆ ಅಂಗಡಿ ಎದ್ದು, ಶೆಟ್ಟಿಯ ವ್ಯಾಪಾರ ಇಳಿದಿತ್ತು. ಈ ಗಿರಾಕಿಯೂ ತಪ್ಪಿದರೆ ಬಾಗಿಲು ಹಾಕುವುದೇ ಸೈ. ಅವನು ಇಪ್ಪತ್ತು ಚೀಲ ತುಂಬಿಸಿ, ಗಾಡಿ ಕಟ್ಟಿಸಿಕೊಂಡು ಹೋದ.

ಪಂಡಿತರು ಮೊದಲ ಚೀಲದ ಬಾಯಿ ಬಿಚ್ಚಿದರು. "ಇದು ಎಲ್ಲಿಯದು, ಶೆಟ್ಟರೇ?"

"ನಮ್ಮ ಅಂಗಡಿಯದು, ಪಂಡಿತರೇ."

"ಅಂಗಡಿಯಲ್ಲಿ ಗಿಡ ಬೇರು ಬಿಡೋದಿಲ್ಲವಲ್ಲ."

"ಅದು ವ್ಯಾಪಾರದ ಗುಟ್ಟು. ಸರಕು ನೋಡಿ, ಸಾಕು."

"ಗುಟ್ಟನ್ನ ರೋಗಿಗೆ ಕುಡಿಸೋಕಾಗಲ್ಲ, ಶೆಟ್ಟರೇ. ಈ ಬೇರು ಚೆನ್ನಾಗಿ ಕೆಲಸ ಮಾಡಿತು ಅಂತಿಟ್ಟುಕೊಳ್ಳಿ, ಅಂಥದ್ದೇ ಮತ್ತೆ ಎಲ್ಲಿ ಹುಡುಕಲಿ? ಮಾಡಲಿಲ್ಲ ಅಂತಿಟ್ಟುಕೊಳ್ಳಿ, ಯಾರನ್ನ ಹೋಗಿ ಕೇಳಲಿ?"

ಪ್ರತಿ ಚೀಲಕ್ಕೂ ಎಲ್ಲಿಂದ ಬಂತೆಂಬ ಚೀಟಿ ಕಟ್ಟಿಕೊಂಡು ಬಂದರೆ ಮಾತು, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎಂದು ಪಂಡಿತರು ಚೀಲದ ಬಾಯಿ ಕಟ್ಟಿದರು. ಗಾಡಿ ಹೋದ ಹಾಗೇ ವಾಪಸು ಬಂತು.

ಶೆಟ್ಟಿ ಕೂತು ಯೋಚಿಸಿದ. ಹೇಳಿದರೆ ಗಿರಾಕಿ ಕೈತಪ್ಪಬಹುದು. ಹೇಳದಿದ್ದರೆ ಕೈತಪ್ಪಿ ಆಯಿತು. ವ್ಯಾಪಾರಿಗೆ ಇದರಲ್ಲಿ ಆರಿಸುವುದು ಕಷ್ಟವಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಚೀಟಿ ಬರೆದ. ಕೈಗೆ ಬಂದ ಹಾಗೆ ಬರೆದ. ಒಂದರಲ್ಲಿ ಬೆಟ್ಟದ ಹೆಸರು ಮಾತ್ರ. ಇನ್ನೊಂದರಲ್ಲಿ 'ನಮ್ಮ ಭಾವನ ಕಡೆಯವರು ಕೊಟ್ಟದ್ದು.' ಮತ್ತೊಂದರಲ್ಲಿ 'ಹೋದ ಸಲದ್ದೇ.'

ಪಂಡಿತರು ನಾಲ್ಕು ಚೀಟಿ ಓದಿ ಐದನೆಯದನ್ನು ಮುಟ್ಟಲಿಲ್ಲ.

"ಹೋದ ಸಲ ಅಂದರೆ ಯಾವ ಸಲ? ನಿಮ್ಮ ಭಾವ ಯಾರು ಅಂತ ನನಗೇನು ಗೊತ್ತು? ಮೊದಲು ಕೊಟ್ಟವರ ಹೆಸರು, ಆಮೇಲೆ ಸರಕಿನ ಹೆಸರು, ಆಮೇಲೆ ಊರು, ಕೊನೆಗೆ ಯಾವ ವರ್ಷದ್ದು ಅಂತ. ಇಪ್ಪತ್ತಕ್ಕೂ ಇದೇ ಕ್ರಮ."

"ನಿಮಗೆ ಬೇರು ಬೇಕೋ ಬರವಣಿಗೆ ಬೇಕೋ, ಪಂಡಿತರೇ? ಅರ್ಥವಾಗದಿದ್ದರೆ ಕೇಳಿ, ನಾನೇ ಹೇಳ್ತೀನಿ."

"ದಿನಾ ಬಂದು ಹೇಳ್ತೀರಾ? ನಾಳೆ ನನ್ನ ಜಾಗಕ್ಕೆ ಇನ್ನೊಬ್ಬರು ಬರ್ತಾರೆ. ಅವರಿಗೆ ನೀವೂ ಗೊತ್ತಿಲ್ಲ, ನಿಮ್ಮ ಭಾವನೂ ಗೊತ್ತಿಲ್ಲ. ಊರು ಬೇಕು ಅಂದರೆ ಅವರ ಕಣ್ಣು ಎಲ್ಲಿಗೆ ಹೋಗುತ್ತೋ ಊರು ಅಲ್ಲೇ ಇರಬೇಕು."

ಶೆಟ್ಟಿ ಗೊಣಗುತ್ತ ಮನೆಗೆ ಬಂದು ಮತ್ತೆ ಬರೆದ. ಹತ್ತೊಂಬತ್ತು ಚೀಟಿ ಸಲೀಸಾಗಿ ಮುಗಿದವು. ಇಪ್ಪತ್ತನೆಯದು ಹಿಪ್ಪಲಿಯ ಚೀಲ. ಅದನ್ನು ದಾರಿಯಲ್ಲಿ ಹೊತ್ತು ಹೋಗುತ್ತಿದ್ದ ಯಾರೋ ಒಬ್ಬನಿಂದ ಅಗ್ಗಕ್ಕೆ ಕೊಂಡಿದ್ದ. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ಈಗ ಒಂದು ಹೆಸರು ಹುಟ್ಟಿಸಿದ, ಒಂದು ಊರನ್ನೂ ಹುಟ್ಟಿಸಿದ. ಚೀಟಿ ನೋಡಲು ಉಳಿದ ಹತ್ತೊಂಬತ್ತಕ್ಕಿಂತ ಅಚ್ಚುಕಟ್ಟಾಗಿತ್ತು. ಚೀಲಕ್ಕೆ ಕಟ್ಟುವಾಗ ಅವನ ಕೈ ನಿಂತಿತು. ಪಂಡಿತರು ಯಾರನ್ನಾದರೂ ಆ ಊರಿಗೆ ಕಳಿಸಿದರೆ? ಇಲ್ಲದ ಊರನ್ನು ಹುಡುಕಿ ಸೋತು ಬಂದವನು ಇರುವ ಹತ್ತೊಂಬತ್ತು ಊರುಗಳನ್ನು ನಂಬುತ್ತಾನೆಯೇ? ಒಂದು ಚೀಲ ಉಳಿಸಿಕೊಳ್ಳಲು ಹೋಗಿ ಎಲ್ಲವನ್ನೂ ಕಳೆದುಕೊಳ್ಳುವುದು ದಡ್ಡ ವ್ಯಾಪಾರ. ಅವನು ಚೀಟಿ ಹರಿದು, ಹಿಪ್ಪಲಿಯನ್ನು ಅಂಗಡಿಯಲ್ಲೇ ಬಿಟ್ಟು ಹೊರಟ.

"ಒಂದು ಕಡಿಮೆ ಇದೆಯಲ್ಲ?" ಎಂದರು ಪಂಡಿತರು.

"ಅದು ಎಲ್ಲಿಯದು ಅಂತ ನನಗೇ ಗೊತ್ತಿಲ್ಲ. ತಂದಿಲ್ಲ."

ಪಂಡಿತರು ತಲೆಯಾಡಿಸಿ, ಒಂದು ಚೀಟಿಯನ್ನು ಬಿಚ್ಚಿ ಆಸ್ಪತ್ರೆಯ ಆಳಿನ ಕೈಗೆ ಕೊಟ್ಟರು. ಮಾಗಳಿ ಬೇರಿನ ಚೀಟಿ. ಚೀಟಿಯಲ್ಲಿದ್ದ ಬೆಟ್ಟಕ್ಕೆ ಹೋಗಿ ವಿಚಾರಿಸಿಕೊಂಡು ಬಾ ಎಂದರು. ಶೆಟ್ಟಿಯ ಮುಖ ಇಳಿದುಹೋಯಿತು. ಅವನು ಹೆದರಿದ್ದು ಇದಕ್ಕೇ. ಬೆಟ್ಟದಲ್ಲಿ ಆ ಬೇರು ಅರ್ಧ ಬೆಲೆಗೆ ಸಿಗುತ್ತದೆಂದು ಅವನಿಗೆ ಗೊತ್ತಿತ್ತು.

ಆಳಿಗೆ ಬೆಟ್ಟ ಸಿಕ್ಕಿತು. ಚೀಟಿಯಲ್ಲಿದ್ದ ಹೆಸರಿನ ಹೆಂಗಸೂ ಸಿಕ್ಕಳು. ಬೇರು ಕಿತ್ತು ತಂದು ಮಾರುವವಳು. ಈ ಶೆಟ್ಟಿ ನಿನಗೆ ಗೊತ್ತೇ ಎಂದು ಕೇಳಿದ್ದೇ ತಡ, ಅವಳ ಸಿಟ್ಟು ಏರಿತು.

"ಗೊತ್ತಿಲ್ಲದೆ ಏನು? ನಾವು ಹತ್ತು ಕಟ್ಟು ಮುಂದಿಟ್ಟರೆ ನಾಲ್ಕು ತಗೊಂಡು ಆರು ಪಕ್ಕಕ್ಕೆ ತಳ್ಳೋನು. ಒಂದೊಂದನ್ನೂ ಮುರೀತಾನೆ, ಮೂಸ್ತಾನೆ, ಅಗಿದು ಉಗೀತಾನೆ. ಎಳೇದು ಅಂತಾನೆ, ಹಳೇದು ಅಂತಾನೆ. ಬೇರೆ ಸಾವ್ಕಾರರು ತೂಕ ಹಾಕಿಸಿಕೊಂಡು ಹೋಗ್ತಾರಪ್ಪ. ಇವನು ಬಂದ ದಿನ ನಮಗೆ ಮಧ್ಯಾಹ್ನದ ಊಟ ಇಲ್ಲ."

ಆಳು ಓಡೋಡಿ ಬಂದು ಪಂಡಿತರಿಗೆ ಎಲ್ಲವನ್ನೂ ಹೇಳಿದ. ಸುದ್ದಿ ತಿಳಿಯಲು ಶೆಟ್ಟಿಯೂ ಗಾಡಿಯೊಂದಿಗೆ ಬಂದು ನಿಂತಿದ್ದ.

"ನೇರ ಅವಳ ಹತ್ತಿರವೇ ಕೊಂಡರೆ ಅರ್ಧ ದುಡ್ಡು ಉಳಿಯುತ್ತೆ, ಪಂಡಿತರೇ," ಎಂದ ಆಳು.

"ಉಳಿಯುತ್ತೆ. ಆ ಆರು ಕಟ್ಟನ್ನ ಪಕ್ಕಕ್ಕೆ ತಳ್ಳೋರು ಯಾರು, ನೀನಾ? ಹತ್ತೊಂಬತ್ತು ಊರಲ್ಲಿ ಕೂತು ಅಗಿಯೋಕೆ ನಿನಗೆ ಹಲ್ಲಿದೆಯಾ?"

ಆಳು ನಕ್ಕುಬಿಟ್ಟ. ಪಂಡಿತರು ಶೆಟ್ಟಿಯ ಕಡೆ ತಿರುಗಿ ಚೀಲ ಇಳಿಸಿ ಎಂದರು.

ಹತ್ತೊಂಬತ್ತು ಚೀಲ ಒಳಗೆ ಹೋದವು. ವರ್ಷದ ವ್ಯಾಪಾರ ಕುದುರಿತು. ಚೀಟಿ ನೋಡಿದ ಪಕ್ಕದ ಊರಿನ ವೈದ್ಯರೊಬ್ಬರು ತಮಗೂ ಹೀಗೇ ಕಟ್ಟಿ ಕಳಿಸಿ ಎಂದರು. ಚೀಟಿ ಹಿಡಿದು ಬೆಟ್ಟಕ್ಕೆ ಹೋದ ಗಿರಾಕಿಗಳೂ ಕೆಲವರಿದ್ದರು. ಅವರಲ್ಲಿ ಹೆಚ್ಚಿನವರು ಒಂದು ಸಲ ಎಳೆಯ ಬೇರು ಕೊಂಡು, ಎರಡನೆಯ ಸಲ ಅಂಗಡಿಗೇ ಬಂದರು. ಶೆಟ್ಟಿ ಬಾಗಿಲು ಹಾಕಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಏನೇ ಹೇಳಿ, ಬೇರು ಬೆಟ್ಟದವಳದು, ಹೆಸರು ಬೆಟ್ಟದವಳದು. ಶೆಟ್ಟಿಯದು ಅಂತ ಆ ಚೀಲದಲ್ಲಿ ಏನಿತ್ತು, ಗುರುಗಳೇ?"

ಗುರುಗಳು ಪ್ರಬಂಧವನ್ನು ಅವನ ಮುಂದೆ ಸರಿಸಿದರು.

"ಈ ಅರವತ್ತನ್ನು ಇಟ್ಟುಕೊಳ್ಳುವ ಮೊದಲು ಎಷ್ಟನ್ನು ಓದಿ, ಬೇಡವೆಂದು ಪಕ್ಕಕ್ಕೆ ತಳ್ಳಿದೆ, ಅದನ್ನು ಹೇಳು."

ಶಿಷ್ಯ ಮನಸ್ಸಿನಲ್ಲೇ ಎಣಿಸತೊಡಗಿದ. ಎಣಿಕೆ ಬೇಗ ಮುಗಿಯುವಂತಿರಲಿಲ್ಲ.